ಮೊರದಡಿಯ ವಾರಪತ್ರಿಕೆ

ಈ ಆಷಾಢದಲ್ಲಿ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಮುಂಚೆಯೇ ನನ್ನ ಮೊಮ್ಮಗ ಎದ್ದು, ಕಂಬಳಿ ಹೊದ್ದುಕೊಂಡೇ ನಡುಮನೆಗೆ ಬಂದು, ಅವನಮ್ಮನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ. ರಾತ್ರಿಯಿಡೀ ಶಿವಮೊಗ್ಗದಲ್ಲಿ ಬಿಡದೆ ಮಳೆ ಸುರಿದಿತ್ತು. ಅವನು ಆಟವಾಡುತ್ತಿರಲಿಲ್ಲ, ಜಿಲ್ಲಾಧಿಕಾರಿಗಳ ಆದೇಶಕ್ಕಾಗಿ ಕಾಯುತ್ತಿದ್ದ. ಆರೂವರೆಯ ಹೊತ್ತಿಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ರಜೆಯ ಸುದ್ದಿ ಬಂದದ್ದೇ ತಡ, ಕೂಗಿ ಮನೆಯವರನ್ನೆಲ್ಲ ಎಬ್ಬಿಸಿದ. ಅದರ ಹಿಂದಿನ ವಾರವಷ್ಟೇ ನೆಗಡಿಯೆಂದು ಅವನನ್ನು ಎರಡು ದಿನ ಶಾಲೆಗೆ ಕಳಿಸಿರಲಿಲ್ಲ. ಅದೇ ಮನೆ, ಅದೇ ಆಟದ ಸಾಮಾನು, ಅಷ್ಟೇ ಹೊತ್ತು; ಜ್ವರವೂ ಇರಲಿಲ್ಲ. ಆದರೂ ಆ ಎರಡು ದಿನ ಕಿಟಕಿಯ ಬಳಿ ಮುಖ ಸಪ್ಪೆ ಮಾಡಿಕೊಂಡು ಕುಳಿತು, ಈಗ ಕ್ಲಾಸಿನಲ್ಲಿ ಏನು ನಡೆಯುತ್ತಿರಬಹುದು ಎಂದು ಗಂಟೆಗೊಮ್ಮೆ ಕೇಳುತ್ತಿದ್ದ. ಎರಡೂ ಸಲ ಅವನಿಗೆ ಸಿಕ್ಕದ್ದು ಒಂದೇ ಬಗೆಯ ಖಾಲಿ ಹೊತ್ತು. ಒಂದು ಅವನನ್ನು ಕುಣಿಸಿತು, ಇನ್ನೊಂದು ಕುಗ್ಗಿಸಿತು. ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷ ಕಳೆದಿರುವ ನನಗೆ ಈ ವ್ಯತ್ಯಾಸ ಸುಮ್ಮನೆ ಬಿಟ್ಟುಬಿಡುವಂಥದ್ದಾಗಿರಲಿಲ್ಲ.

ಬಿಡುವನ್ನು ಹೇಳಲು ನಮ್ಮಲ್ಲಿ ದಿನಬಳಕೆಗೆ ಮೂರು ಮಾತುಗಳಿವೆ. ಬಿಡುವು ಅಚ್ಚ ಕನ್ನಡದ್ದು, 'ಬಿಡು' ಎಂಬ ಧಾತುವಿನಿಂದ ಬಂದದ್ದು. ಹಿಡಿದದ್ದನ್ನು ಸಡಿಲಿಸುವುದೇ ಅದರ ಹುಟ್ಟಿನ ಅರ್ಥ. ಮಲೆನಾಡಿನ ಬಾಯಿಗೆ ಹೆಚ್ಚು ಒಗ್ಗಿದ ಪುರುಸೊತ್ತು 'ಫುರ್ಸತ್' ಎಂಬುದರ ನಮ್ಮೂರ ರೂಪ. ಇನ್ನು ರಜೆ. ಅದು ಅರಬ್ಬಿ ಮೂಲದಿಂದ ಹೊರಟು ದಖ್ಖನಿನ ಆಡಳಿತದ ಭಾಷೆಯ ಮೂಲಕ ನಮ್ಮಲ್ಲಿಗೆ ಬಂದ ಪದ, ಮೂಲದಲ್ಲಿ ಅದಕ್ಕೆ ಸಮ್ಮತಿ, ಒಪ್ಪಿಗೆ ಎಂದು ಅರ್ಥ. ಜಗಳದ ಕೊನೆಗೆ ನಾವು ಮಾಡಿಕೊಳ್ಳುವ ರಾಜಿಯೂ ಅದೇ ಬೇರಿನದು. ಮೊಮ್ಮಗ ಮೊಬೈಲು ಹಿಡಿದು ಕಾಯುತ್ತಿದ್ದದ್ದು ಈ ಅರ್ಥದ ರಜೆಗಾಗಿ. ಅವನಿಗೆ ಬೇಕಾಗಿದ್ದದ್ದು ಸಮಯಕ್ಕಿಂತ ಹೆಚ್ಚಾಗಿ ಅಪ್ಪಣೆ, ಅದೂ ತನ್ನ ಗೆಳೆಯರೆಲ್ಲರಿಗೂ ಒಟ್ಟಿಗೇ ಸಿಕ್ಕಿದ ಅಪ್ಪಣೆ.

ನಾನು ಚಿಕ್ಕವನಿದ್ದಾಗ ಆ ಅಪ್ಪಣೆಯನ್ನು ಕೊಡುತ್ತಿದ್ದದ್ದು ಮಳೆಯೇ. ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಸರಿದರೆ ಸಿಗುವ ಹತ್ತೆಂಟು ಮನೆಗಳ ಹಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆಂದು ಪುಸ್ತಕದಲ್ಲಿ ಓದಿದ್ದು ಬಹಳ ಆಮೇಲೆ; ಅಲ್ಲಿರುವಾಗ ಮಳೆಯನ್ನು ಅಳೆಯುತ್ತಿದ್ದದ್ದು ನಕ್ಷತ್ರದ ಲೆಕ್ಕದಲ್ಲಿ. ಆರಿದ್ರೆ ಹಿಡಿಯಿತೆಂದರೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ತನಕ ಅಂಗಳಕ್ಕೆ ಕಾಲಿಡುವುದೂ ಒಂದು ಪ್ರಯಾಣವೇ. ಅಡಿಕೆಗೆ ಕೊಳೆರೋಗ ಬರದಿರಲೆಂದು ಮಳೆಗಾಲಕ್ಕೆ ಮುಂಚೆ ಒಮ್ಮೆ ಬೋರ್ಡೋ ಔಷಧಿ ಹೊಡೆದಾಗಿರುತ್ತಿತ್ತು. ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೆಯ ಸಲ ಹೊಡೆಯಬೇಕು. ಆದರೆ ಅದಕ್ಕೆ ಮಳೆ ನಿಂತು ಹೊಳವಾಗಬೇಕು, ಒದ್ದೆ ಮರವನ್ನು ಹತ್ತುವ ಧೈರ್ಯವನ್ನು ಕೊನೆಗಾರ ಮಾಡಬೇಕು. ಹೀಗಾಗಿ ಅಪ್ಪಯ್ಯನೂ ಅಕ್ಕಪಕ್ಕದ ಮನೆಯ ಗಂಡಸರೂ ನಮ್ಮ ಜಗಲಿಯಲ್ಲಿ ಕುಳಿತು ಹೊಳವಿಗಾಗಿ ಕಾಯುತ್ತಿದ್ದರು. ಕಾಯುವುದಕ್ಕೆ ಒಂದು ಕಾರಣವಿದ್ದುದರಿಂದ ಅವರು ಆಡುತ್ತಿದ್ದ ಇಸ್ಪೀಟಿಗೂ ಒಂದು ಕಾರಣವಿರುತ್ತಿತ್ತು.

ಆಟ ಇಪ್ಪತ್ತೆಂಟು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ನಾಲ್ಕು ಬಣ್ಣ ಸೇರಿದರೆ ಇಪ್ಪತ್ತೆಂಟು. ಗುಲಾಮ ರಾಜನನ್ನೂ ರಾಣಿಯನ್ನೂ ಹೊಡೆಯುವ ಈ ಆಟವನ್ನು ಊರಿನ ಜಮೀನುದಾರರು ಅಷ್ಟು ಉತ್ಸಾಹದಿಂದ ಆಡುತ್ತಿದ್ದದ್ದು ಈಗ ನೆನೆದರೆ ನಗು ಬರುತ್ತದೆ. ಕೆಲವು ರಾತ್ರಿ ಇಸ್ಪೀಟನ್ನು ಕಟ್ಟಿಟ್ಟು ತಾಳಮದ್ದಳೆಗೆ ಕೂರುತ್ತಿದ್ದರು. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿಟ್ಟ ತಿಂಗಳುಗಳಲ್ಲಿ ಅದೇ ಪ್ರಸಂಗಗಳು ಬಣ್ಣ, ವೇಷ, ಕುಣಿತ ಯಾವುದೂ ಇಲ್ಲದೆ ಬರೀ ಹಾಡು ಮತ್ತು ಮಾತಿನಲ್ಲಿ ನಡೆಯುತ್ತವೆ. ಹಗಲಿಡೀ ಗೊಬ್ಬರದ ಬೆಲೆಯ ಬಗ್ಗೆ ಗೊಣಗುತ್ತಿದ್ದ ಮನುಷ್ಯ ರಾತ್ರಿ ಹತ್ತಕ್ಕೆ ಪಂಚೆಯನ್ನು ಸರಿಮಾಡಿಕೊಂಡು ಕುಳಿತು, ಕೃಷ್ಣನ ಸಂಧಾನವನ್ನು ಮುರಿಯುವ ಕೌರವನಾಗಿ ಎದುರಾಳಿಯ ಒಂದೊಂದು ಮಾತಿಗೂ ಕೊಕ್ಕೆ ಹಾಕುತ್ತಿದ್ದ. ಹೆಂಚಿನ ಮೇಲೆ ಮಳೆಯ ಸದ್ದು ಜೋರಾದರೆ ಭಾಗವತರು ಶ್ರುತಿ ಏರಿಸುತ್ತಿದ್ದರು. ಅವರಲ್ಲಿ ಯಾರೂ ನಾಳೆ ಬೆಳಿಗ್ಗೆ ಬೇಗ ಏಳಬೇಕೆಂದು ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ. ಅವರನ್ನು ಸೋಮಾರಿಗಳೆಂದು ಕರೆಯುವವರೂ ಇರಲಿಲ್ಲ. ಹಾಗೆ ಕರೆಯಬೇಕಾದವರೆಲ್ಲ ಅದೇ ಜಗಲಿಯಲ್ಲಿ ಕುಳಿತಿದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಮಲೆನಾಡಿನ ಮಳೆಗಾಲದ ಬಗ್ಗೆ ವರ್ಷವರ್ಷವೂ ಬರುವ ಸುಂದರ ಬರಹಗಳ ಸಾಲಿಗೆ ಇದೂ ಒಂದು ಸೇರುತ್ತದೆ. ಅಂಥ ಬರಹಗಳಲ್ಲಿ ಜಗಲಿಗೆ ಬಿಸಿಬಿಸಿ ಕಷಾಯವೂ ಸುಟ್ಟ ಹಲಸಿನ ಹಪ್ಪಳವೂ ತಾವಾಗಿಯೇ ನಡೆದು ಬರುತ್ತವೆ. ನಮ್ಮ ಮನೆಯಲ್ಲಿ ಅವನ್ನು ಅಮ್ಮ ತರುತ್ತಿದ್ದಳು. ಹಸಿ ಸೌದೆ ಹೊಗೆಯಾಡುವ ಒಲೆ, ಒಣಗದ ಬಟ್ಟೆಗಳು, ಕೊಟ್ಟಿಗೆಯ ದನಗಳಿಗೆ ಹಾಸಲು ಸೊಪ್ಪು, ಜಗಲಿಯಲ್ಲಿ ಕೂತವರ ಪೈಕಿ ಎಷ್ಟು ಮಂದಿ ಊಟಕ್ಕೆ ನಿಲ್ಲುತ್ತಾರೆಂದು ಕೊನೆಯ ಗಳಿಗೆಯವರೆಗೂ ತಿಳಿಯದ ಅಡುಗೆ: ಮಳೆಗಾಲದಲ್ಲಿ ಅವಳ ಕೆಲಸ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಗದ್ದೆಯ ನೆಟ್ಟಿಯೂ ಇದೇ ಮಳೆಯಲ್ಲೇ ನಡೆಯಬೇಕು. ನಾವು ಜಗಲಿಯಿಂದ ನೋಡುತ್ತಿದ್ದಂತೆ ಕೆಳಗಿನ ಗದ್ದೆಯಲ್ಲಿ ಹೆಂಗಸರು ಬೆನ್ನಿಗೆ ಮಳೆ ತಡೆಯುವ ಗೊರಬು ಹಾಕಿಕೊಂಡು, ಬಗ್ಗಿದ ನಡುವನ್ನು ಎತ್ತದೆ ಸಸಿ ಊರುತ್ತಿದ್ದರು. ನೆಟ್ಟಿ ಮುಗಿದ ಮೇಲೆ ಅವರ ಮನೆಗಳಲ್ಲೂ ಬಿಡುವಿರುತ್ತಿತ್ತು, ಆದರೆ ಕೂಲಿಯಿಲ್ಲದ ಆ ಬಿಡುವಿನಲ್ಲಿ ಅಕ್ಕಿಯ ಡಬ್ಬ ತಳ ಕಾಣುತ್ತಿತ್ತು. ಸಾಲಕ್ಕೆಂದು ನಮ್ಮ ಅಂಗಳದಲ್ಲಿ ಮಳೆಯಲ್ಲೇ ನಿಂತಿರುತ್ತಿದ್ದವರ ಮುಖಗಳಲ್ಲಿ ನಾನು ನೋಡಿದ್ದು ಬಿಡುವಿನ ಸುಖವನ್ನಲ್ಲ. ಮಳೆ ಎಲ್ಲರ ಮೇಲೂ ಒಂದೇ ಸಮ ಬೀಳುತ್ತಿತ್ತು. ಅಪ್ಪಣೆ ಸಿಗುತ್ತಿದ್ದದ್ದು ಮಾತ್ರ ಜಗಲಿಯಿದ್ದವರಿಗೆ, ಅವರಲ್ಲೂ ಗಂಡಸರಿಗೆ.

ಅಮ್ಮನಿಗೆ ದಿನಕ್ಕೆ ಒಂದೇ ಗಂಟೆ ಸಿಗುತ್ತಿತ್ತು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ, ಸಂಜೆಯ ಕಾಫಿಗೆ ಒಲೆ ಹಚ್ಚುವುದಕ್ಕೆ ಮುಂಚೆ, ಅಡುಗೆಮನೆಯ ಹಿಂದಿನ ಕಡಿಮಾಡಿನ ಕಿಟಕಿಯ ಬೆಳಕಿಗೆ ಕುಳಿತು ಅವಳು ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದಳು. ಪತ್ರಿಕೆ ನಮ್ಮದಲ್ಲ. ಮೇಲಿನ ಮನೆಯವರು ಓದಿ ಮುಗಿಸಿ, ಅವರ ನೆಂಟರೂ ಓದಿ, ಎರಡು ಮೂರು ವಾರ ತಡವಾಗಿ ಮೂಲೆ ಮಡಚಿಕೊಂಡು ಬರುತ್ತಿತ್ತು. ಓದುವಾಗ ಅವಳ ತೊಡೆಯ ಪಕ್ಕದಲ್ಲಿ ಒಂದು ಮೊರ, ಮೊರದಲ್ಲಿ ಎರಡು ಸೇರು ಅಕ್ಕಿ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಯಾರದಾದರೂ ಹೆಜ್ಜೆಯ ಸದ್ದು ಕೇಳಿದರೆ ಪತ್ರಿಕೆ ಮೊರದಡಿಗೆ ಸರಿಯುತ್ತಿತ್ತು, ಬೆರಳುಗಳು ಅಕ್ಕಿಯಲ್ಲಿ ಕಲ್ಲು ಹುಡುಕತೊಡಗುತ್ತಿದ್ದವು. ಅದೇ ಅಕ್ಕಿಯನ್ನು ವಾರಗಟ್ಟಲೆ ಆರಿಸುತ್ತಿದ್ದಳೆಂದು ನನಗೆ ಗೊತ್ತಿತ್ತು, ಏಕೆಂದರೆ ಒಮ್ಮೆ ಅದರೊಳಗೆ ನಾನೇ ಗುರುತಿಗೆಂದು ಹಾಕಿದ್ದ ಗುಲಗಂಜಿ ಎಂಟು ದಿನ ಕಳೆದರೂ ಅಲ್ಲೇ ಇತ್ತು. ಅಪ್ಪಯ್ಯ ಓದಬೇಡವೆಂದು ಹೇಳಿದವರಲ್ಲ. ಅಜ್ಜಿಯೂ ಹೇಳಿದ್ದು ನಾನು ಕೇಳಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ, ಓದು ಎಂದೂ ಯಾರೂ ಹೇಳಿರಲಿಲ್ಲ. ಮೊರ ಬೇಕಾಗುತ್ತಿದ್ದದ್ದು ಈ ಎರಡರ ನಡುವಿನ ಸಂದಿಗೆ.

ನನ್ನ ಬದುಕಿನ ಮೊರಗಳು ಬೇರೆ ರೀತಿಯವು. ಮೂವತ್ತನಾಲ್ಕು ವರ್ಷ ನಾನು ಬರೆದ ರಜೆಯ ಅರ್ಜಿಗಳಲ್ಲಿ ಕಾರಣದ ಜಾಗದಲ್ಲಿ 'ತುರ್ತು ಕೆಲಸದ ನಿಮಿತ್ತ' ಎಂದೇ ಇರುತ್ತಿತ್ತು. ಕೆಲಸವನ್ನು ಬಿಡುವುದಕ್ಕೂ ಕೆಲಸದ ಹೆಸರೇ ಬೇಕಾಗಿತ್ತು. ಮನೆಯಲ್ಲಿ ಸುಮ್ಮನೆ ಕೂರುವ ಸಲುವಾಗಿ ಎಂದು ಬರೆದ ಒಂದು ಅರ್ಜಿಯನ್ನೂ ಆ ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಕಂಡಿಲ್ಲ. ನಿವೃತ್ತಿಯಾದ ಮೊದಲ ತಿಂಗಳು ಹಬ್ಬದಂತೆ ಕಳೆಯಿತು. ಎರಡನೆಯ ತಿಂಗಳಿಂದ ಸಂಜೆ ಗಾಂಧಿ ಪಾರ್ಕಿನಲ್ಲಿ ಸಿಕ್ಕವರೆಲ್ಲ 'ಮತ್ತೆ, ಈಗ ಏನ್ ಮಾಡ್ಕೊಂಡಿದ್ದೀರಿ ಸಾರ್?' ಎಂದು ಕೇಳತೊಡಗಿದರು. ಅದು ಕುಶಲಪ್ರಶ್ನೆ, ಯಾರ ಮನಸ್ಸಿನಲ್ಲೂ ಕೊಂಕಿರಲಿಲ್ಲ. ಆದರೂ 'ಏನೂ ಇಲ್ಲ' ಎಂಬ ಉತ್ತರ ನನ್ನ ನಾಲಿಗೆಗೆ ಬರಲಿಲ್ಲ. 'ಊರಿನ ತೋಟದ ಕಡೆ ಸ್ವಲ್ಪ ನೋಡ್ಕೋತಿದೀನಿ' ಎನ್ನುತ್ತಿದ್ದೆ. ತೋಟವನ್ನು ನೋಡಿಕೊಳ್ಳುತ್ತಿರುವವನು ನನ್ನ ತಮ್ಮ. ನಾನು ತಿಂಗಳಿಗೊಮ್ಮೆ ಹೋಗಿ ಊಟ ಮಾಡಿ ಬರುವವನು.

ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ನೂರು ವರ್ಷಗಳ ಬಳಿಕ ಜನ ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾದೀತೆಂದು ಊಹಿಸಿದ್ದರು. ಆ ಊಹೆ ಸುಳ್ಳಾಯಿತೆಂದು ಎಲ್ಲರೂ ಹೇಳುತ್ತಾರೆ. ಅದೇ ಪ್ರಬಂಧದಲ್ಲಿ ಅವರು ತೋಡಿಕೊಂಡಿದ್ದ ಭಯವನ್ನು ನೆನೆಯುವವರು ಕಡಿಮೆ. ದುಡಿಯುವುದನ್ನೇ ತಲೆತಲಾಂತರದಿಂದ ಕಲಿತ ಮನುಷ್ಯ ಸಿಕ್ಕ ಬಿಡುವನ್ನು ಅನುಭವಿಸಲಾರದೆ ಒದ್ದಾಡಬಹುದು ಎಂಬ ಆ ಭಯ ಮಾತ್ರ, ಕನಿಷ್ಠ ನನ್ನ ಮಟ್ಟಿಗೆ, ಪೂರಾ ನಿಜವಾಯಿತು. ಇದು ನನ್ನೊಬ್ಬನ ಜಾಯಮಾನವೇ ಎಂದು ತಿಳಿಯಲು ಹುಡುಕಿದಾಗ 2021ರಲ್ಲಿ ಅಮೆರಿಕದ ಮೂವರು ಸಂಶೋಧಕರಾದ ಮರೀಸಾ ಶರೀಫ್, ಕ್ಯಾಸಿ ಹೋಮ್ಸ್, ಹ್ಯಾಲ್ ಹರ್ಷ್‌ಫೀಲ್ಡ್ ಪ್ರಕಟಿಸಿದ ಅಧ್ಯಯನ ಸಿಕ್ಕಿತು. ಅವರು 21,736 ಅಮೆರಿಕನ್ನರು ದಿನವನ್ನು ಕಳೆದ ಬಗೆಯನ್ನು ಪರಿಶೀಲಿಸಿದ್ದರು. ದಿನಕ್ಕೆ ಸುಮಾರು ಎರಡು ಗಂಟೆಯವರೆಗೆ ಬಿಡುವು ಹೆಚ್ಚಿದಂತೆ ನೆಮ್ಮದಿಯೂ ಹೆಚ್ಚುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ, ಸುಮಾರು ಐದು ಗಂಟೆ ದಾಟಿದರೆ ಇಳಿಯತೊಡಗುತ್ತದೆ. ನನಗೆ ಆಗ ದಿನಕ್ಕೆ ಹತ್ತು ಗಂಟೆಯಿತ್ತು. ಆ ಹೆಚ್ಚುವರಿ ಹೊತ್ತು ಇತರರ ಜೊತೆಗೋ ಉಪಯುಕ್ತವೆನಿಸುವ ಕೆಲಸದಲ್ಲೋ ಕಳೆದರೆ ಇಳಿತ ಅಷ್ಟಾಗಿ ಕಾಣುವುದಿಲ್ಲ ಎಂದೂ ಅವರು ಹೇಳಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಅದಕ್ಕಿಂತ ಹಳೆಯ, 2014ರ ಇನ್ನೊಂದು ಅಧ್ಯಯನ. ಕ್ರಿಸ್ಟೊಬಾಲ್ ಯಂಗ್ ಮತ್ತು ಚೆಯೂನ್ ಲಿಮ್ ಎಂಬ ಸಮಾಜಶಾಸ್ತ್ರಜ್ಞರು ಐದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆಯ ಉತ್ತರಗಳನ್ನು ನೋಡಿದಾಗ, ಕೆಲಸವಿಲ್ಲದ ನಿರುದ್ಯೋಗಿಗಳೂ ಶನಿವಾರ ಭಾನುವಾರಗಳಂದು, ಹೆಚ್ಚುಕಡಿಮೆ ಕೆಲಸದಲ್ಲಿರುವವರಷ್ಟೇ ಹಗುರಾಗುತ್ತಾರೆಂದು ಕಂಡುಬಂತು. ಸೋಮವಾರವೂ ಖಾಲಿಯಿರುವವರಿಗೆ ಭಾನುವಾರ ಏಕೆ ಬೇರೆಯಾಗಬೇಕು? ಅಂದು ಮನೆಯವರಿಗೂ ಗೆಳೆಯರಿಗೂ ಬಿಡುವಿರುತ್ತದೆ; ಬಿಡುವಿನ ಬೆಲೆ ಅದನ್ನು ಹಂಚಿಕೊಳ್ಳುವವರು ಎಷ್ಟಿದ್ದಾರೆಂಬುದರ ಮೇಲೆ ನಿಂತಿದೆ ಎಂಬುದು ಅವರ ವಿವರಣೆ. ಅದನ್ನು ಒಪ್ಪುತ್ತೇನೆ. ಆದರೆ ಗಾಂಧಿ ಪಾರ್ಕಿನಲ್ಲಿ ಎರಡು ವರ್ಷ ಸುಳ್ಳು ಹೇಳಿದವನಾಗಿ ಒಂದು ಮಾತು ಸೇರಿಸಬಲ್ಲೆ. ಭಾನುವಾರ ಯಾರೂ 'ಏನ್ ಮಾಡ್ಕೊಂಡಿದ್ದೀರಿ' ಎಂದು ಕೇಳುವುದಿಲ್ಲ. ಆ ದಿನ ನಾನು ತೋಟವನ್ನು ನೋಡಿಕೊಳ್ಳಬೇಕಾಗಿಲ್ಲ.

ನಮ್ಮ ಊರ ಕಡೆ ಹೋಂಸ್ಟೇಗಳು ತುಂಬುವುದೂ ಇದೇ ಕಾರಣಕ್ಕೆ ಇರಬೇಕು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಆಗುಂಬೆಯಲ್ಲಿ ಸೂರ್ಯಾಸ್ತ, ಭಾನುವಾರ ಜೋಗ ಎಂದು ಓಡಾಡಿ ಸೋಮವಾರ ನಿದ್ದೆಗಣ್ಣಿನಲ್ಲಿ ಕೆಲಸಕ್ಕೆ ಹಾಜರಾಗುವವರನ್ನು ನಾವು ಊರಿನವರು ಆಡಿಕೊಳ್ಳುತ್ತೇವೆ. (ಜುಲೈ ತಿಂಗಳಲ್ಲಿ, ಹತ್ತು ಮಾರು ಆಚೆಯ ಮರವೂ ಕಾಣದ ಮಂಜಿನಲ್ಲಿ, ಸೂರ್ಯ ಮುಳುಗುವುದು ಎಷ್ಟು ಹೊತ್ತಿಗೆ ಎಂದು ನನ್ನ ತಮ್ಮನನ್ನು ಕೇಳಿದವರಿದ್ದಾರೆ.) ಈಗ ನನಗೆ ಅವರ ಮೇಲೆ ನಗು ಬರುವುದು ಕಡಿಮೆಯಾಗಿದೆ. ದುಡ್ಡು ಕೊಟ್ಟಾಗಿದೆ ಎಂಬ ಒಂದೇ ನೆವದಿಂದ ಅವರು ಎರಡು ಗಂಟೆ ಕಟ್ಟೆಯ ಮೇಲೆ ಮಳೆ ನೋಡುತ್ತ ಕೂರಬಲ್ಲರು. ಅಪ್ಪಣೆಯನ್ನು ಕೊಂಡುಕೊಂಡವರು ಅವರು.

ಕೆಲಸದ ನೆವದಲ್ಲೇ ಬಿಡುವನ್ನು ಬಚ್ಚಿಟ್ಟುಕೊಳ್ಳುವ ಜಾಣತನ ಮಲೆನಾಡಿಗೆ ಹಳೆಯದು. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಊಟವಾದ ಮೇಲೆ ಮೆಟ್ಟುಗತ್ತಿಗಳನ್ನು ಸಾಲಾಗಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದರು. ಡಬ್ಬಕ್ಕೆ ಇಷ್ಟೆಂದು ಕೂಲಿಯಿದ್ದರೂ ಕೈಗಳ ಕೆಲಸ ಕೈಗಳಿಗೇ ಬಿಟ್ಟದ್ದು. ಬಾಯಿಗೆ ಕಥೆ, ಒಗಟು, ಊರಿನ ಮದುವೆ ಮುಂಜಿ, ಹಾಡು. ಹೆಂಗಸರೂ ಗಂಡಸರೂ, ಮನೆಯವರೂ ಕೂಲಿಯವರೂ ಒಂದೇ ದೀಪದ ಬೆಳಕಿನಲ್ಲಿ ನಗುತ್ತಿದ್ದ ಸಂದರ್ಭ ಅದೊಂದೇ ನನಗೆ ನೆನಪಿರುವುದು. ಈಗ ಸುಲಿಯುವ ಯಂತ್ರ ಬಂದಿದೆ. ಬೆರಳು ಕುಯ್ದುಕೊಳ್ಳುವುದು ತಪ್ಪಿತು, ಅದು ಸಣ್ಣ ಮಾತಲ್ಲ. ಉಳಿದ ರಾತ್ರಿಗಳಲ್ಲಿ ಅವರವರ ಮನೆಯಲ್ಲಿ ಅವರವರ ಪರದೆ ಬೆಳಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಇದಕ್ಕಿಂತ ದೊಡ್ಡ ಧೈರ್ಯ ಮಾಡಿತ್ತು. ಅದನ್ನು ಕಟ್ಟಿ ಬೆಳೆಸಿದ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ. ವಿ. ಸುಬ್ಬಣ್ಣನವರೂ ಅಡಿಕೆ ಬೆಳೆಗಾರರೇ. ತೋಟ ಗದ್ದೆಗಳಲ್ಲಿ ದಿನವಿಡೀ ದಣಿದವರು ಸಂಜೆ ಮತ್ತೆ ಸೇರಿ, ದಣಿವಿನ ಮೇಲೆ ದಣಿವು ಹೇರಿಕೊಂಡು ನಾಟಕದ ತಾಲೀಮು ಮಾಡುವುದನ್ನು ಒಂದು ಊರು ಮರ್ಯಾದೆಯ ಕೆಲಸವೆಂದು ಒಪ್ಪಿಕೊಂಡಿತು. ನಾಟಕ ಚೆನ್ನಾಗಿ ಬಂದದ್ದಕ್ಕಿಂತ, ಒಬ್ಬ ರೈತ ಮಾತು ಬಾಯಿಪಾಠ ಮಾಡುತ್ತ ಕುಳಿತರೆ ಅವನಿಗೆ ಮೊರ ಬೇಕಾಗಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮ ಮನೆಗೆ ಬರುತ್ತೇನೆ. ನಾನು ನಿವೃತ್ತನಾದ ಆರು ತಿಂಗಳಿಗೆ, ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದ ನನ್ನ ಹೆಂಡತಿಯೂ ಲೆಕ್ಕಕ್ಕೆ ನಿವೃತ್ತಳಾದಳು. ಒಂದು ದಿನ ನಾನು, ಇಷ್ಟೆಲ್ಲ ಸಮಯವಿದ್ದೂ ಬೇಸರವಾಗುತ್ತದಲ್ಲ ಎಂದು ಅವಳೆದುರು ಗೋಳಾಡಿದಾಗ, ಸೊಪ್ಪು ಬಿಡಿಸುತ್ತಿದ್ದ ಅವಳು ತಲೆಯೆತ್ತದೆ, 'ಯಾವ ಸಮಯ?' ಎಂದಳು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅಂಥ ಗಂಡಸರು 97 ನಿಮಿಷ ಎಂದಿದೆ. ಆ 97ರಲ್ಲಿ ನನ್ನ ಪಾಲು ಎಷ್ಟೆಂದು ಲೆಕ್ಕ ಹಾಕಿದೆ. ಹಾಲಿನ ಪ್ಯಾಕೆಟ್ಟು ತರುವುದನ್ನೂ ಸೇರಿಸಿಕೊಂಡರೂ ಇಪ್ಪತ್ತು ದಾಟಲಿಲ್ಲ. ಬ್ಯಾಂಕಿನವನಾದ್ದರಿಂದ ಎರಡು ಸಲ ಕೂಡಿ ನೋಡಿದೆ. ಜಗಲಿಯ ಗಂಡಸರ ಬಗ್ಗೆ ಇಷ್ಟು ಹೊತ್ತು ಬರೆದವನು ಅದೇ ಜಗಲಿಯನ್ನು ಎತ್ತಿಕೊಂಡು ಬಂದು ವಿನೋಬನಗರದಲ್ಲಿ ಇಟ್ಟುಕೊಂಡಿದ್ದ.

ಅಮ್ಮನಿಗೆ ಈಗ ಎಂಬತ್ತಾರು. ನಮ್ಮ ಜೊತೆಯಲ್ಲೇ ಇದ್ದಾಳೆ. ಮೊಮ್ಮಗನಿಗೆ ಮಳೆಯ ರಜೆ ಸಿಕ್ಕ ಆ ದಿನ ಮಧ್ಯಾಹ್ನ ಹಳೆಯದೆಲ್ಲ ನೆನಪಾಗಿ, ಮೊರದಡಿಯ ಪತ್ರಿಕೆಯ ವಿಷಯ ನನಗೆ ಗೊತ್ತಿತ್ತೆಂದು ಅರುವತ್ತರ ಮೇಲಿನ ಮಗ ಮೊದಲ ಬಾರಿಗೆ ಅವಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

'ಗುಲಗಂಜಿ ಹಾಕಿದ್ದು ನೀನೇ ಅಂತ ನಂಗೂ ಗೊತ್ತಿತ್ತು' ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅತ್ತೆಗೂ ಗೊತ್ತಿತ್ತು. ಕಡಿಮಾಡಿಗೆ ಬರೋಕ್ ಮುಂಚೆ ಬಾಗಿಲ ಹತ್ರ ನಿಂತು ಕೆಮ್ಮೋರು. ಅವ್ರಿಗೆ ಕೆಮ್ಮಿನ ಕಾಯಿಲೆ ಎಲ್ಲಿತ್ತು?' ಎಂದಳು.

ಅಜ್ಜಿಯ ಆ ಕೆಮ್ಮು ನನಗೂ ನೆನಪಿದೆ. ಅದಕ್ಕೆಂದು ಅಪ್ಪಯ್ಯ ತೀರ್ಥಹಳ್ಳಿಯಿಂದ ಔಷಧಿಯನ್ನೂ ತಂದಿದ್ದರು.

ಮಧ್ಯಾಹ್ನ ಮೂರರ ಹೊತ್ತಿಗೆ ಮಳೆ ಇನ್ನಷ್ಟು ಬಲವಾಯಿತು. ಮುಂದಿನ ವರಾಂಡದಲ್ಲಿ ಅಮ್ಮನೂ ನನ್ನ ಹೆಂಡತಿಯೂ ಕುಳಿತಿದ್ದರು. ನಡುವೆ ಮೊರದಲ್ಲಿ, ಊರಿನಿಂದ ತಮ್ಮ ಕಳಿಸಿದ್ದ ಹಲಸಿನ ಬೀಜ. ಮೊಮ್ಮಗ ಕಾಗದದ ದೋಣಿಗಳನ್ನು ಮೋರಿಗೆ ಬಿಡುತ್ತಿದ್ದ. ಕಷಾಯ ಮಾಡುತ್ತೇನೆಂದು ನಾನು ಅಡುಗೆಮನೆ ಸೇರಿದ್ದೆ, ಕೊತ್ತಂಬರಿ ಬೀಜ ಜೀರಿಗೆ ಹುರಿದ ಪುಡಿ ಯಾವ ಡಬ್ಬದಲ್ಲಿದೆಯೆಂದು ಮೂರು ಸಲ ಕೂಗಿ ಕೇಳಿದ್ದೆ. ಗೇಟಿನ ಸದ್ದಾಯಿತು. ಎದುರು ಮನೆಯವರು ಕೊಡೆ ಮಡಚುತ್ತ ಒಳಗೆ ಬಂದರು. ಅಷ್ಟರವರೆಗೆ ಮಳೆ ನೋಡುತ್ತ ಕೈಕಟ್ಟಿ ಕುಳಿತಿದ್ದ ಅಮ್ಮನ ಕೈ ತಟ್ಟನೆ ಮೊರಕ್ಕೆ ಹೋಗಿ ಒಂದು ಬೀಜ ಎತ್ತಿಕೊಂಡು ಸಿಪ್ಪೆ ಸುಲಿಯತೊಡಗಿತು. ಬಂದವರೂ ಕೇಳದೆಯೇ ಕೂತು ಒಂದು ಹಿಡಿ ಬೀಜ ತಮ್ಮ ಕಡೆ ಎಳೆದುಕೊಂಡರು. ನಾನು ಕಷಾಯ ಸೋಸಿ, ಬೆಲ್ಲ ಹೆಚ್ಚಾಯಿತೇನೋ ಎಂಬ ಅಳುಕಿನಲ್ಲೇ ನಾಲ್ಕು ಲೋಟ ತಂದಿಟ್ಟಾಗ ಬೀಜವೆಲ್ಲ ಮುಗಿದು ಬಹಳ ಹೊತ್ತಾಗಿತ್ತು. ಖಾಲಿ ಮೊರದ ಮೇಲೆ ಅಮ್ಮನ ಬೆರಳುಗಳು ಸುಮ್ಮನೆ ಆಡುತ್ತಿದ್ದವು. ಯಾರೂ ಎದ್ದಿರಲಿಲ್ಲ.